ಮೇವಿಗೆ ಬೆರೆತ ಮದ್ದು

ದನದ ಮಾಂಸದ ವಿಚಾರ ಎಂದೊಡನೆ ನಮ್ಮಲ್ಲಿ ಎಷ್ಟೋ ಮನೆಯವರು ರೇಡಿಯೋದ ಗುಂಡಿ ತಿರುಗಿಸಿ ಸಂಗೀತ ಹುಡುಕಿಕೊಂಡಾರು. ಅವರ ಮನಸ್ಸು ನೋಯಿಸಲೆಂದು ಈ ಮಾತನ್ನು ಎತ್ತಿಲ್ಲ. ಮಾಂಸ ಮುಟ್ಟದವರಿಗೂ ಸಂಬಂಧಪಟ್ಟ ಒಂದು ಪ್ರಶ್ನೆ ಈ ಕಥೆಯಲ್ಲಿದೆ. ಕಣ್ಣಿಗೆ ಕಾಣದ, ನಾಲಗೆಗೆ ತಿಳಿಯದ ವಸ್ತುವೊಂದು ಊಟದ ತಟ್ಟೆಗೆ ಬಂದಾಗ "ಇದು ನಮಗೆ ಬೇಡ" ಎನ್ನುವ ಅಧಿಕಾರ ಯಾರಿಗೆ? ಬೇಡವೆನ್ನುವವನು ಅದು ಕೆಟ್ಟದ್ದೆಂದು ರುಜುವಾತು ಮಾಡಬೇಕೋ, ಮಾರುವವನು ಅದರಿಂದ ಕೇಡಿಲ್ಲವೆಂದು ರುಜುವಾತು ಮಾಡಬೇಕೋ? ಈ ಪ್ರಶ್ನೆಯ ಸುತ್ತ ಅಮೆರಿಕ ಸಂಯುಕ್ತ ಸಂಸ್ಥಾನವೂ ಯೂರೋಪಿನ ರಾಷ್ಟ್ರಗಳೂ ೧೯೮೯ರಿಂದ ೨೦೧೯ರವರೆಗೆ, ಮೂವತ್ತು ವರ್ಷ, ವ್ಯಾಪಾರದ ವ್ಯಾಜ್ಯ ನಡೆಸಿದವು.

ಊಟದಲ್ಲಿ ಮದ್ದು ಹಾಕುವರೆಂಬ ಅಂಜಿಕೆ ನಮ್ಮ ಹಳ್ಳಿಗಳಿಗೆ ಹೊಸದಲ್ಲ. ಮೈ ಸೊರಗಿದರೆ "ಯಾರೋ ಮದ್ದು ಹಾಕಿದ್ದಾರೆ" ಎಂದು ಮದ್ದು ತೆಗೆಯುವವನ ಮನೆಗೆ ಓಡಿದವರ ಕಥೆಗಳನ್ನು ನಾವೆಲ್ಲ ಕೇಳಿದ್ದೇವೆ. ಆ ಮದ್ದು ಇತ್ತೋ ಇಲ್ಲವೋ, ಆ ಜಗಳ ಈಗ ಬೇಡ. ಇಲ್ಲಿ ಹೇಳುವ ಮದ್ದು ಮಾತ್ರ ನಿಜವಾಗಿಯೂ ಇತ್ತು. ಅದಕ್ಕೊಂದು ಹೆಸರಿತ್ತು, ಅಳತೆಯಿತ್ತು, ಸರಕಾರದ ಅಪ್ಪಣೆಯೂ ಇತ್ತು.

ದೇಹದ ನಿರ್ನಾಳ ಗ್ರಂಥಿಗಳು ರಕ್ತಕ್ಕೆ ನೇರವಾಗಿ ಬಿಡುವ ಚೋದಕ ರಸಗಳಿಗೆ ಹಾರ್ಮೋನುಗಳೆಂದು ಹೆಸರು. ಹೆಸರು ಗೊತ್ತಿಲ್ಲದೆಯೂ ನಮ್ಮ ರೈತ ಇವುಗಳ ಪ್ರತಾಪವನ್ನು ಬಲ್ಲ. ಹೋರಿಯ ಬೀಜ ಒಡೆಸಿದರೆ ಅದರ ಪೊಗರು ಇಳಿದು, ನೊಗಕ್ಕೆ ಬಗ್ಗುವ ಎತ್ತಾಗುತ್ತದೆ. ಅಮೆರಿಕದಲ್ಲಿ ಮಾಂಸಕ್ಕೆಂದು ಸಾಕುವ ಗಂಡುಕರುಗಳಿಗೂ ಇದೇ ಶಸ್ತ್ರಕ್ರಿಯೆ ಮಾಡುವುದು ವಾಡಿಕೆ. ಪ್ರಾಣಿ ಸಾಧುವಾಗುತ್ತದೆ, ಮಾಂಸ ಮೆತ್ತಗಾಗುತ್ತದೆ. ಆದರೆ ಬೆಳವಣಿಗೆ ಕುಂಠಿತವಾಗುತ್ತದೆ, ತಿಂದ ಕಾಳು ಮೈಗೆ ಹತ್ತುವುದು ಕಡಿಮೆ. ಒಳಗಿನಿಂದ ಹೋದ ರಸವನ್ನು ಹೊರಗಿನಿಂದ ಕೊಟ್ಟರೆ ಹೇಗೆ? ಈ ಯೋಚನೆ ಕೈಗೂಡಬೇಕಾದರೆ ಅಗ್ಗವಾದ ಹಾರ್ಮೋನು ಬೇಕಾಗಿತ್ತು.

ಅದನ್ನು ಒದಗಿಸಿದವರು ಲಂಡನ್ನಿನ ಚಾರ್ಲ್ಸ್ ಡಾಡ್ಸ್. ೧೯೩೮ರಲ್ಲಿ ಅವರೂ ಅವರ ಸಂಗಡಿಗರೂ ಸ್ತ್ರೀ ಹಾರ್ಮೋನಿನಂತೆ ಕೆಲಸಮಾಡುವ ಕೃತಕ ವಸ್ತುವೊಂದನ್ನು ಪ್ರಯೋಗಶಾಲೆಯಲ್ಲಿ ತಯಾರಿಸಿ ಪ್ರಕಟಿಸಿದರು. ಡೈಈಥೈಲ್ ಸ್ಟಿಲ್‌ಬೆಸ್ಟ್ರಾಲ್ ಎಂಬ ಅದರ ಉದ್ದನೆಯ ಹೆಸರನ್ನು ಮೊಟಕುಮಾಡಿ ನಾವು ಸ್ಟಿಲ್‌ಬೆಸ್ಟ್ರಾಲ್ ಎನ್ನೋಣ. ಸಹಜ ಹಾರ್ಮೋನು ದುಬಾರಿ, ಅದನ್ನು ಸೂಜಿಯ ಮೂಲಕ ಕೊಡಬೇಕು. ಇದಾದರೋ ಅಗ್ಗ, ನುಂಗಿದರೂ ನಾಟುತ್ತದೆ. ಡಾಡ್ಸ್ ಇದಕ್ಕೆ ಹಕ್ಕುಪತ್ರ ಪಡೆಯಲಿಲ್ಲವಾಗಿ ಯಾವ ಕಾರ್ಖಾನೆಯಾದರೂ ಇದನ್ನು ತಯಾರಿಸಬಹುದಾಗಿತ್ತು. ತಯಾರಿಸಿದವು ಕೂಡ. ಒಂದು ಕಡೆ ಇದು ಗರ್ಭಪಾತವಾಗದಂತೆ ತಡೆಯುವ ಮಾತ್ರೆಯಾಗಿ ಬಸುರಿಯರ ಕೈಗೆ ಬಂತು. ಇನ್ನೊಂದು ಕಡೆ ಕೋಳಿಯ ಗೂಡಿಗೂ ದನದ ದೊಡ್ಡಿಗೂ ನುಗ್ಗಿತು. ತಾಯಿಗೂ ದನಕ್ಕೂ ಒಂದೇ ಮದ್ದು ಎಂಬುದನ್ನು ಓದುಗರು ನೆನಪಿನಲ್ಲಿಡಬೇಕು. ಮುಂದಿನ ಕಥೆಯೆಲ್ಲ ಅದರಿಂದಲೇ ಹುಟ್ಟಿದ್ದು.

ಮೊದಲ ಅಪ್ಪಣೆ ಸಿಕ್ಕಿದ್ದು ಕೋಳಿಗೆ, ೧೯೪೭ರಲ್ಲಿ. ಹುಂಜದ ಕತ್ತಿನ ಮೇಲ್ಭಾಗದಲ್ಲಿ ಚರ್ಮದ ಅಡಿಗೆ ಒಂದು ಗುಳಿಗೆ ಸೇರಿಸಿದರೆ ಅದು ಕೊಬ್ಬಿ ಮೆತ್ತಗಾಗುತ್ತಿತ್ತು. ಕತ್ತೇ ಏಕೆಂದರೆ, ತಲೆ ಕತ್ತುಗಳನ್ನು ಕತ್ತರಿಸಿ ಎಸೆಯುತ್ತಾರೆ. ಕರಗದೆ ಉಳಿದ ಗುಳಿಗೆ ಅದರ ಜೊತೆಗೇ ಹೋಗುತ್ತದೆಂಬ ಲೆಕ್ಕ. ಲೆಕ್ಕ ತಪ್ಪಿದ್ದನ್ನು ಸಾರಿದ್ದು ಮಿಂಕ್ ಎಂಬ, ತುಪ್ಪುಳಕ್ಕಾಗಿ ಸಾಕುವ, ಮುಂಗುಸಿಯಂಥ ಪ್ರಾಣಿ. ಎಸೆದ ಕೋಳಿತಲೆಗಳನ್ನು ತಿಂದ ಮಿಂಕುಗಳು ಮರಿ ಹಾಕದೆ ಹೋದವು. ಕೋಳಿಯ ಯಕೃತ್ತಿನಲ್ಲೂ ಚರ್ಮದ ಕೊಬ್ಬಿನಲ್ಲೂ ಮದ್ದಿನ ಉಳಿಕೆ ಇದೆಯೆಂದು ತಿಳಿದ ಮೇಲೆ, ೧೯೫೯ರಲ್ಲಿ, ಅಮೆರಿಕ ಸರಕಾರ ಕೋಳಿಗೆ ಅದನ್ನು ಕೊಡಕೂಡದೆಂದಿತು.

ಆದರೆ ಅಷ್ಟರಲ್ಲಿ ದನದ ಮೇವಿಗೆ ಅದು ಬೆರೆತಾಗಿತ್ತು. ಅಯೋವಾ ರಾಜ್ಯದ ಕೃಷಿ ಕಾಲೇಜಿನಲ್ಲಿ ವೈಸ್ ಬರೋಸ್ ಎಂಬವರು ದನವೊಂದಕ್ಕೆ ದಿನಕ್ಕೆ ಸುಮಾರು ೧೦ ಮಿಲಿಗ್ರಾಂ ಸ್ಟಿಲ್‌ಬೆಸ್ಟ್ರಾಲನ್ನು ಮೇವಿನಲ್ಲಿ ಬೆರೆಸಿ ಕೊಟ್ಟು ನೋಡಿದರು. ಅದೇ ಮೇವಿಗೆ ಹೆಚ್ಚು ತೂಕ, ಕಡಿಮೆ ದಿನಗಳಲ್ಲಿ. ೧೯೫೪ರಲ್ಲಿ ಸರಕಾರದ ಒಪ್ಪಿಗೆಯೂ ದೊರೆಯಿತು. ಕೆಲವೇ ವರ್ಷಗಳಲ್ಲಿ ಆ ದೇಶದಲ್ಲಿ ಕೊಬ್ಬಿಸುವ ದನಗಳ ಪೈಕಿ ಬಹುಪಾಲು ಈ ಮೇವನ್ನೇ ತಿನ್ನುತ್ತಿದ್ದವು. ರೈತನಿಗೆ ಕಾಸಿನ ಖರ್ಚಿಗೆ ರೂಪಾಯಿಯ ಲಾಭವೆಂದ ಮೇಲೆ ಕೇಳಬೇಕೆ?

ಇಲ್ಲಿ ಕಾನೂನಿನ ತೊಡಕೊಂದು ಎದ್ದಿತು. ೧೯೫೮ರಲ್ಲಿ ನ್ಯೂಯಾರ್ಕಿನ ಪ್ರತಿನಿಧಿ ಜೇಮ್ಸ್ ಡಿಲೇನಿಯವರ ಹೆಸರಿನ ಕಲಮೊಂದು ಅಮೆರಿಕದ ಆಹಾರ ಶಾಸನಕ್ಕೆ ಸೇರಿತು. ಮನುಷ್ಯನಿಗಾಗಲಿ ಪ್ರಾಣಿಗಾಗಲಿ ಕ್ಯಾನ್ಸರ್ ತರುವುದೆಂದು ಕಂಡುಬಂದ ವಸ್ತುವನ್ನು ಆಹಾರಕ್ಕೆ ಸೇರಿಸಲು ಅನುಮತಿ ಕೊಡಲೇಬಾರದೆಂದು ಅದರ ಸಾರ. ಎಷ್ಟು, ಏನು ಎಂಬ ಚೌಕಾಸಿಗೆ ಎಡೆಯಿಲ್ಲ. ಸ್ಟಿಲ್‌ಬೆಸ್ಟ್ರಾಲು ಇಲಿಗಳಿಗೆ ಕ್ಯಾನ್ಸರ್ ತರುವುದು ಆಗಲೇ ತಿಳಿದಿತ್ತು. ಹಾಗಾದರೆ ಮೇವಿನ ಗತಿಯೇನು? ೧೯೬೨ರಲ್ಲಿ ಶಾಸನಕ್ಕೆ ಒಂದು ತಿದ್ದುಪಡಿ ಬಂತು: ದನಕ್ಕೆ ಕೊಟ್ಟ ಮದ್ದು, ಒಪ್ಪಿತವಾದ ಪರೀಕ್ಷೆಯಲ್ಲಿ, ಮಾಂಸದೊಳಗೆ ಕಾಣಿಸದಿದ್ದರೆ ಅಡ್ಡಿಯಿಲ್ಲ. ಕೊಲ್ಲುವ ೪೮ ಗಂಟೆ ಮೊದಲು ಮದ್ದಿನ ಮೇವು ನಿಲ್ಲಿಸಬೇಕೆಂಬ ನಿಯಮವಿತ್ತು. ಅಷ್ಟರೊಳಗೆ ಎಲ್ಲ ಹೊರಗೆ ಹೋಗುತ್ತದೆಂದು ನಂಬಿಕೆ.

"ಕಾಣಿಸದಿದ್ದರೆ" ಎಂಬುದು ಜಾಣ ಮಾತು. ಅಕ್ಕಿ ಅಳೆಯುವ ತಕ್ಕಡಿಯಲ್ಲಿ ಚಿನ್ನದ ಪುಡಿ ಹಾಕಿದರೆ ಮುಳ್ಳು ಅಲುಗದು. ಅಲುಗಲಿಲ್ಲವೆಂದು ಚಿನ್ನವೇ ಇಲ್ಲವೆನ್ನಲಾದೀತೆ? ಆ ಕಾಲದ ರಾಸಾಯನಿಕ ಪರೀಕ್ಷೆಗಳು ಅಕ್ಕಿಯ ತಕ್ಕಡಿಗಳಾಗಿದ್ದವು. ವರ್ಷ ಕಳೆದಂತೆ ವಿಜ್ಞಾನಿಗಳು ಅಕ್ಕಸಾಲಿಗನ ತಕ್ಕಡಿ ತಂದರು. ನೂರು ಕೋಟಿಯಲ್ಲಿ ಒಂದು ಪಾಲಿನಷ್ಟಿದ್ದರೂ ಹಿಡಿಯುವಂತಾದಾಗ, ಅದುವರೆಗೆ ಇಲ್ಲವೆನಿಸಿದ್ದ ವಸ್ತು ಯಕೃತ್ತಿನಲ್ಲಿ ಕುಳಿತಿರುವುದು ಗೋಚರವಾಯಿತು.

ಇದೇ ಸಮಯಕ್ಕೆ, ೧೯೭೧ರ ಏಪ್ರಿಲಿನಲ್ಲಿ, ಬಾಸ್ಟನ್ ನಗರದಿಂದ ಒಂದು ವೈದ್ಯಕೀಯ ವರದಿ ಹೊರಬಿತ್ತು. ವಯಸ್ಸಾದ ಹೆಂಗಸರಲ್ಲೇ ಅಪರೂಪವಾದ ಯೋನಿಯ ಕ್ಯಾನ್ಸರೊಂದು ಹದಿನೈದರಿಂದ ಇಪ್ಪತ್ತೆರಡರೊಳಗಿನ ಹುಡುಗಿಯರಲ್ಲಿ ಕಾಣಿಸಿಕೊಂಡಿತ್ತು. ಡಾಕ್ಟರು ಆರ್ಥರ್ ಹರ್ಬ್ಸ್ಟ್ ಮತ್ತು ಅವರ ಸಹೋದ್ಯೋಗಿಗಳಿಗೆ ಕಾರಣ ಹೊಳೆಯಲಿಲ್ಲ. ರೋಗಿಯೊಬ್ಬಳ ತಾಯಿಯೇ ಕೇಳಿದಳಂತೆ: ಇವಳು ಹೊಟ್ಟೆಯಲ್ಲಿದ್ದಾಗ ನಾನು ಸ್ಟಿಲ್‌ಬೆಸ್ಟ್ರಾಲ್ ನುಂಗಿದ್ದೆ, ಅದೇನಾದರೂ ಇರಬಹುದೇ? ವಿಚಾರಿಸಿದರು. ಎಂಟು ರೋಗಿಗಳಲ್ಲಿ ಏಳು ಮಂದಿಯ ತಾಯಂದಿರು ಬಸುರಿನಲ್ಲಿ ಅದೇ ಮಾತ್ರೆ ತೆಗೆದುಕೊಂಡಿದ್ದರು. ಹೋಲಿಕೆಗೆಂದು ವಿಚಾರಿಸಿದ ೩೨ ಮಂದಿ ಬೇರೆ ತಾಯಂದಿರಲ್ಲಿ ಒಬ್ಬರೂ ತೆಗೆದುಕೊಂಡಿರಲಿಲ್ಲ. ತಾಯಿ ನುಂಗಿದ್ದಕ್ಕೆ ಮಗಳು ಇಪ್ಪತ್ತು ವರ್ಷದ ಮೇಲೆ ದಂಡ ತೆತ್ತಳು. ಇದಕ್ಕಿಂತ ಮನಸ್ಸು ಕಲಕುವ ಸಂಗತಿಯೆಂದರೆ, ಗರ್ಭ ಉಳಿಸಲು ಆ ಮಾತ್ರೆಯಿಂದ ಪ್ರಯೋಜನವೇ ಇಲ್ಲವೆಂದು ಚಿಕಾಗೋ ನಗರದ ಪರೀಕ್ಷೆಯೊಂದು ೧೯೫೩ರಲ್ಲೇ ತೋರಿಸಿಕೊಟ್ಟಿತ್ತು. ಆದರೂ ಮತ್ತೆ ಹದಿನೆಂಟು ವರ್ಷ ವೈದ್ಯರು ಅದನ್ನು ಬರೆದುಕೊಟ್ಟರು.

ನ್ಯಾಯವಾಗಿ ಒಂದು ಮಾತು ಹೇಳಬೇಕು. ಆ ತಾಯಂದಿರು ನುಂಗಿದ ಪ್ರಮಾಣಕ್ಕೂ ಮಾಂಸದಲ್ಲಿ ಉಳಿದ ಕಣಕ್ಕೂ ಅಜಗಜಾಂತರ. ಮಾಂಸ ತಿಂದು ಈ ರೋಗ ಬಂತೆಂದು ಯಾರೂ ತೋರಿಸಿಲ್ಲ. ಆದರೆ ಮನೆಯಲ್ಲಿ ಮಗುವಿಗೆ ತುತ್ತು ಕೊಡುವ ಹೆಂಗಸಿಗೆ ಈ ಗಣಿತದಿಂದ ಸಮಾಧಾನವಾಗದು. ಅವಳನ್ನು ಅಜ್ಞಾನಿಯೆಂದು ನಗುವಂತೆಯೂ ಇಲ್ಲ. "ಕೇಡಿಲ್ಲ" ಎಂದು ಹೇಳಿದ ತಜ್ಞರನ್ನು ನಂಬಿದ್ದಕ್ಕೇ ಅಲ್ಲವೇ ಬಾಸ್ಟನ್ನಿನ ಆ ತಾಯಿ ಅಂಥ ಪ್ರಶ್ನೆ ಕೇಳುವಂತಾದದ್ದು?

ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೧೯೭೨ರಲ್ಲಿ ಮೇವಿನ ಬಳಕೆಯನ್ನೂ ೧೯೭೩ರಲ್ಲಿ ಗುಳಿಗೆಯನ್ನೂ ನಿಷೇಧಿಸಿತು. ತಮ್ಮ ವಾದ ಕೇಳದೆ ಅಪ್ಪಣೆ ಮಾಡಿದರೆಂದು ತಯಾರಕರು ನ್ಯಾಯಾಲಯಕ್ಕೆ ಹೋದರು. ೧೯೭೪ರಲ್ಲಿ ನಿಷೇಧ ಬಿದ್ದುಹೋಯಿತು. ಕೊನೆಯ ಬಾಗಿಲು ಮುಚ್ಚಿದ್ದು ೧೯೭೯ರಲ್ಲಿ. ಮುಚ್ಚಿದ ಮೇಲೂ ಕಳ್ಳತನದಲ್ಲಿ ಲಕ್ಷಗಟ್ಟಲೆ ದನಗಳಿಗೆ ಗುಳಿಗೆ ಹಾಕಿದ್ದು ೧೯೮೦ರಲ್ಲಿ ಬಯಲಾಯಿತು.

ಸ್ಟಿಲ್‌ಬೆಸ್ಟ್ರಾಲ್ ಹೋಯಿತು, ಆದರೆ ಅದರ ದಾಯಾದಿಗಳು ಉಳಿದವು. ಪ್ರಾಣಿಯ ದೇಹದಲ್ಲಿ ಸಹಜವಾಗಿಯೇ ಇರುವ ಈಸ್ಟ್ರಡಯೋಲ್, ಪ್ರೊಜೆಸ್ಟೆರೋನ್, ಟೆಸ್ಟೋಸ್ಟೆರೋನ್. ಕೃತಕವಾದ ಟ್ರೆಂಬೋಲೋನ್, ಜೆರನಾಲ್, ಮೆಲೆಂಜೆಸ್ಟ್ರಾಲ್: ಹೀಗೆ ಆರು. ಮೆಲೆಂಜೆಸ್ಟ್ರಾಲನ್ನು ಮೇವಿನಲ್ಲಿ ಕೊಡುತ್ತಾರೆ, ಉಳಿದವನ್ನು ಕಿವಿಯ ಚರ್ಮದಡಿ ಗುಳಿಗೆಯಾಗಿ ಇಡುತ್ತಾರೆ. ಹಿಂದೆ ಕೋಳಿಯ ಕತ್ತು, ಈಗ ದನದ ಕಿವಿ. ಎಸೆಯುವ ಅಂಗವೇ ಬೇಕು. ಅಮೆರಿಕದ ಸರಕಾರ ಈ ಆರನ್ನೂ ನಿರಪಾಯವೆಂದು ಒಪ್ಪಿತು. ಕಾದಾಟ ನಡೆದದ್ದು ಇವುಗಳ ಮೇಲೆಯೇ.

ಕಾದಾಟದ ಇನ್ನೊಂದು ಪಕ್ಷ ಯೂರೋಪಿನದು. ಅಲ್ಲಿ ೧೯೮೦ರಲ್ಲಿ ಇಟಲಿಯ ಅಂಗಡಿಗಳಲ್ಲಿ ಮಾರುತ್ತಿದ್ದ ಕೂಸುಗಳ ಡಬ್ಬಿ ಆಹಾರದಲ್ಲಿ, ಎಳೆಗರುವಿನ ಮಾಂಸ ಅರೆದು ತುಂಬಿದ ಡಬ್ಬಿಯಲ್ಲಿ, ಸ್ಟಿಲ್‌ಬೆಸ್ಟ್ರಾಲ್ ಸಿಕ್ಕಿತು. ಆ ದೇಶದಲ್ಲಿ ಅದು ಮೊದಲೇ ನಿಷಿದ್ಧ, ಕದ್ದು ಬಳಸಿದ್ದು. ಸುದ್ದಿ ಹಬ್ಬಿದ್ದೇ ತಡ, ಬಳಕೆದಾರರ ಸಂಘಗಳು ಎಳೆಗರುವಿನ ಮಾಂಸವನ್ನೇ ಕೊಳ್ಳಬೇಡಿರೆಂದು ಕರೆಕೊಟ್ಟವು. ಗಿರಾಕಿಗಳು ಕೊಳ್ಳಲಿಲ್ಲ. ಅದೇ ವರ್ಷದ ಸೆಪ್ಟೆಂಬರಿನಲ್ಲಿ ಯೂರೋಪಿನ ಆರ್ಥಿಕ ಸಮುದಾಯದ ಮಂತ್ರಿಗಳು ನಿಷೇಧದ ತತ್ವವನ್ನು ಒಪ್ಪಿದರು. ೧೯೮೧ರಲ್ಲಿ ಸ್ಟಿಲ್‌ಬೆಸ್ಟ್ರಾಲಿನ ಬಳಗಕ್ಕೆ ಇಡೀ ಸಮುದಾಯದಲ್ಲಿ ಬಾಗಿಲು ಹಾಕಿತು.

ಉಳಿದ ಹಾರ್ಮೋನುಗಳ ವಿಷಯದಲ್ಲಿ ಯೂರೋಪು ನಡೆದುಕೊಂಡ ರೀತಿ ಅಷ್ಟು ಒಪ್ಪುವಂಥದಲ್ಲ. ನಾಟಿಂಗ್‌ಹ್ಯಾಮಿನ ಪ್ರೊಫೆಸರ್ ಲ್ಯಾಮಿಂಗ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಮಂಡಲಿಯೊಂದನ್ನು ನೇಮಿಸಿದರು. ೧೯೮೨ರಲ್ಲಿ ಮಂಡಲಿ ಸಹಜವಾದ ಮೂರು ಹಾರ್ಮೋನುಗಳನ್ನು ಸರಿಯಾಗಿ ಬಳಸಿದರೆ ಕೇಡಿಲ್ಲವೆಂದಿತು. ಕೃತಕ ವಸ್ತುಗಳ ಪರೀಕ್ಷೆ ಇನ್ನೂ ಮುಗಿಯದಿರುವಾಗಲೇ, ೧೯೮೫ರಲ್ಲಿ, ಮಂಡಲಿಯ ಕೆಲಸವನ್ನು ನಿಲ್ಲಿಸಿ, ವರ್ಷದ ಕೊನೆಯ ದಿನ ಎಲ್ಲ ಹಾರ್ಮೋನುಗಳನ್ನೂ ನಿಷೇಧಿಸಿಬಿಟ್ಟರು. ಸಾಕ್ಷಿ ಹೇಳುವ ಮೊದಲೇ ಸಾಕ್ಷಿಯನ್ನು ಮನೆಗೆ ಕಳಿಸಿದಂತಾಯಿತು. ಆ ಹೊತ್ತಿಗೆ ಅಲ್ಲಿನ ಸರಕಾರಿ ಶೀತಲ ಉಗ್ರಾಣಗಳಲ್ಲಿ ಮಾರಾಟವಾಗದ ಮಾಂಸ ಗುಡ್ಡೆಬಿದ್ದಿತ್ತು. ದನವನ್ನು ಇನ್ನಷ್ಟು ಬೇಗ ಕೊಬ್ಬಿಸುವ ಮದ್ದು ಯಾರಿಗೆ ಬೇಕಾಗಿತ್ತು? ಹಾರ್ಮೋನು ಬಳಸುತ್ತಿದ್ದ ಬ್ರಿಟನ್ ಈ ಕಟ್ಟಳೆಯನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿ, ೧೯೮೮ರ ಫೆಬ್ರವರಿಯಲ್ಲಿ ಕಾರ್ಯವಿಧಾನದ ದೋಷದ ಮೇಲೆ ಗೆದ್ದಿತು. ಮಾರ್ಚಿಯಲ್ಲಿ ಅದೇ ಕಟ್ಟಳೆ ಮತ್ತೆ ಹೊರಟಿತು. ೧೯೮೯ರ ಜನವರಿ ೧ರಿಂದ ಹಾರ್ಮೋನು ಕೊಟ್ಟ ದನದ ಮಾಂಸ ಪರದೇಶದಿಂದಲೂ ಬರಕೂಡದೆಂದಾಯಿತು.

ಅಮೆರಿಕ ಅಂದೇ ಉತ್ತರ ಕೊಟ್ಟಿತು. ಯೂರೋಪಿನಿಂದ ಬರುವ ಸುಮಾರು ೯ ಕೋಟಿ ೩೦ ಲಕ್ಷ ಡಾಲರ್ ಬೆಲೆಯ ಸರಕಿನ ಮೇಲೆ, ಡಬ್ಬಿಯ ಟೊಮೇಟೊ, ಹಣ್ಣಿನ ರಸ, ನಾಯಿಬೆಕ್ಕುಗಳ ಆಹಾರ ಮೊದಲಾದವುಗಳ ಮೇಲೆ, ನೂರಕ್ಕೆ ನೂರು ಸುಂಕ ಹಾಕಿತು. ಈ ಗದ್ದಲದ ನಡುವೆ ಟೆಕ್ಸಾಸ್ ರಾಜ್ಯದ ಕೃಷಿ ಕಮಿಷನರ್ ಜಿಮ್ ಹೈಟವರ್ ಎಂಬವರು, ಗಿರಾಕಿ ಹಾರ್ಮೋನಿಲ್ಲದ ಮಾಂಸ ಕೇಳಿದರೆ ಅಂಥದನ್ನೇ ಸಾಕಿ ಮಾರೋಣ ಎಂದರು. ಸಂತೆಗೆ ಹೋದ ಯಾವ ರೈತನಿಗೂ ತಿಳಿಯುವ ಮಾತು. ವಾಷಿಂಗ್ಟನ್ನಿನ ಕಿವಿಗೆ ಅದು ರುಚಿಸಲಿಲ್ಲ. ಇಂಥ ಮಾಂಸಕ್ಕೆಂದು ಪ್ರಮಾಣಪತ್ರದ ಏರ್ಪಾಡೇನೋ ಆಯಿತು. ಆದರೆ ೧೯೯೯ರಲ್ಲಿ, ಹಾರ್ಮೋನಿಲ್ಲವೆಂಬ ಪತ್ರದೊಡನೆ ಬಂದ ಮಾಂಸದಲ್ಲೂ ಯೂರೋಪಿನ ಪರೀಕ್ಷಕರಿಗೆ ಉಳಿಕೆಗಳು ಸಿಕ್ಕಿದವು.

ಹಾರ್ಮೋನಿನ ಪರವಾಗಿ ಅಮೆರಿಕ ಹೂಡಿದ ವಾದ ದುರ್ಬಲವಾದುದಲ್ಲ. ಈಸ್ಟ್ರಡಯೋಲ್ ಎಲ್ಲರ ರಕ್ತದಲ್ಲೂ ಇದೆ. ಮದ್ದು ಕೊಟ್ಟ ದನದ ಮಾಂಸದ ತುಂಡೊಂದರಲ್ಲಿ ಇರುವುದಕ್ಕಿಂತ ಹೆಚ್ಚು ಸ್ತ್ರೀಹಾರ್ಮೋನಿನ ಗುಣ ಕೋಳಿಮೊಟ್ಟೆಯಲ್ಲಿದೆ, ಸೋಯಾ ಅವರೆಯಲ್ಲಿದೆ. ಯೂರೋಪಿನವರ ಪ್ರತಿವಾದ: ಎಳೆಯ ಮಕ್ಕಳ ಮೈಯಲ್ಲಿ ಈ ರಸ ಅತ್ಯಲ್ಪ, ಅಲ್ಪಕ್ಕೆ ಅಲ್ಪ ಸೇರಿದರೂ ಹೆಚ್ಚೇ, ಮೇಲಾಗಿ ಗುಳಿಗೆಯನ್ನು ಎಲ್ಲ ರೈತರೂ ಹೇಳಿದ ಜಾಗಕ್ಕೇ ಹೇಳಿದಷ್ಟೇ ಹಾಕುತ್ತಾರೆಂದು ಯಾರು ಹೊಣೆ?

ಇಂಥ ವಿವಾದಗಳಿಗೆ ಒಂದು ಪಂಚಾಯಿತಿ ಇದೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆಯೂ ವಿಶ್ವ ಆರೋಗ್ಯ ಸಂಸ್ಥೆಯೂ ಕೂಡಿ ನಡೆಸುವ ಕೋಡೆಕ್ಸ್ ಅಲಿಮೆಂಟೇರಿಯಸ್ ಆಯೋಗ. ಆಹಾರದ ಗುಣಮಟ್ಟಗಳನ್ನು ಗೊತ್ತುಮಾಡುವುದು ಅದರ ಕೆಲಸ. ೧೯೯೫ರ ಜನವರಿಯಲ್ಲಿ ಜಾರಿಗೆ ಬಂದ ವಿಶ್ವ ವ್ಯಾಪಾರ ಒಪ್ಪಂದ ಈ ಗುಣಮಟ್ಟಗಳಿಗೆ ಹೊಸ ಬಲ ತಂದಿತು. ಅವಕ್ಕಿಂತ ಬಿಗಿಯಾದ ನಿಯಮ ಬೇಕೆನ್ನುವ ದೇಶ ಅಪಾಯವನ್ನು ವೈಜ್ಞಾನಿಕವಾಗಿ ತೂಗಿ ತೋರಿಸಬೇಕು. ಅದೇ ವರ್ಷದ ಜುಲೈಯಲ್ಲಿ ರೋಮ್ ನಗರದ ಸಭೆಯಲ್ಲಿ ಹಾರ್ಮೋನುಗಳ ಪ್ರಶ್ನೆ ಮತಕ್ಕೆ ಬಂತು. ಪರವಾಗಿ ೩೩, ವಿರುದ್ಧವಾಗಿ ೨೯, ತಟಸ್ಥರು ೭. ಮಾಂಸದಲ್ಲಿ ಹಾರ್ಮೋನು ನಿರಪಾಯವೇ ಎಂಬ ವಿಜ್ಞಾನದ ಪ್ರಶ್ನೆ ಹೀಗೆ ನಾಲ್ಕು ಮತಗಳ ಅಂತರದಿಂದ ತೀರ್ಮಾನವಾಯಿತು! ಪುರಸಭೆಯ ಚುನಾವಣೆಯಲ್ಲಾದರೂ ಇದಕ್ಕಿಂತ ಹೆಚ್ಚಿನ ಅಂತರವನ್ನು ಕಂಡಿದ್ದೇವೆ.

ಅದೇ ೧೯೯೫ರಲ್ಲಿ, ಫೆಬ್ರವರಿ ೨೦ರಂದು, ಬೆಲ್ಜಿಯಂ ದೇಶದಲ್ಲಿ ಕಾರೆಲ್ ವಾನ್ ನೊಪ್ಪೆನ್ ಎಂಬ ಪಶುವೈದ್ಯರನ್ನು ಅವರ ಮನೆಯ ಸಮೀಪದಲ್ಲೇ ಗುಂಡಿಟ್ಟು ಕೊಂದರು. ಅವರು ಸರಕಾರದ ಮಾಂಸ ತನಿಖಾಧಿಕಾರಿ. ಕಳ್ಳತನದಲ್ಲಿ ಹಾರ್ಮೋನು ಮಾರುವ, ಚುಚ್ಚುವ ಜಾಲವನ್ನು ಬೆನ್ನಟ್ಟಿದ್ದವರು. ನಾಲ್ವರು ಅಪರಾಧಿಗಳೆಂದು ತೀರ್ಪಾದದ್ದು ೨೦೦೨ರಲ್ಲಿ. ಬ್ರಸೆಲ್ಸಿನಲ್ಲಿ ಬರೆದ ಕಟ್ಟಳೆ ಕಾಗದದಿಂದ ದೊಡ್ಡಿಗೆ ಇಳಿಯಬೇಕಾದರೆ ಒಬ್ಬ ಮನುಷ್ಯ ಬೆಳಗಿನ ಜಾವ ಎದ್ದು ಕಸಾಯಿಖಾನೆಗೆ ಹೋಗಿ ಮಾದರಿ ತೆಗೆಯಬೇಕು. ಅಂಥವರೊಬ್ಬರು ಇವರು.

ಹಾರ್ಮೋನಿನ ನಿಯಮ ಎಷ್ಟು ತೊಡಕಿನದೆಂಬುದಕ್ಕೆ ನಮ್ಮ ಬೆಂಗಳೂರಿಗೂ ತಾಕಿದ ಒಂದು ಉದಾಹರಣೆಯುಂಟು. ಹಾಲು ಇಳಿಸಲು ಹಸು ಎಮ್ಮೆಗಳಿಗೆ ಆಕ್ಸಿಟೋಸಿನ್ ಚುಚ್ಚುತ್ತಾರೆಂಬ ದೂರಿನ ಮೇಲೆ ೨೦೧೮ರಲ್ಲಿ ಕೇಂದ್ರ ಸರಕಾರ, ದೇಶದ ಉಪಯೋಗಕ್ಕೆ ಅದನ್ನು ತಯಾರಿಸುವ ಅಧಿಕಾರವನ್ನು ಸರಕಾರಿ ಕಾರ್ಖಾನೆಗೆ, ಎಂದರೆ ಬೆಂಗಳೂರಿನ ಕರ್ನಾಟಕ ಆಂಟಿಬಯಾಟಿಕ್ಸ್ ಕಾರ್ಖಾನೆಗೆ, ಮಾತ್ರ ಮೀಸಲಿಡಲು ಹೊರಟಿತು. ಆದರೆ ಹೆರಿಗೆಯ ತರುವಾಯ ರಕ್ತಸ್ರಾವವಾಗುವ ಬಾಣಂತಿಯ ಜೀವ ಉಳಿಸುವ ಔಷಧವೂ ಅದೇ. ಕೊರತೆಯಾದರೆ ಗತಿಯೇನೆಂದು ಮೊಕದ್ದಮೆ ನಡೆದು, ಅದೇ ವರ್ಷದ ಡಿಸೆಂಬರಿನಲ್ಲಿ ದೆಹಲಿಯ ಉಚ್ಚ ನ್ಯಾಯಾಲಯ ಆ ಅಪ್ಪಣೆಯನ್ನು ರದ್ದುಮಾಡಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ತಾಯಿಗೂ ದನಕ್ಕೂ ಒಂದೇ ಮದ್ದು ಎಂಬ ಮಾತು ಇಲ್ಲೂ ಬಂತು ನೋಡಿ.

ಮತ್ತೆ ಯೂರೋಪಿಗೆ ಹೋಗೋಣ. ಅಮೆರಿಕ ೧೯೯೬ರಲ್ಲಿ ವಿಶ್ವ ವ್ಯಾಪಾರ ಸಂಸ್ಥೆಗೆ ದೂರು ಕೊಟ್ಟಿತು, ಕೆನಡಾ ಜೊತೆಗೂಡಿತು. ೧೯೯೭ರಲ್ಲಿ ಪಂಚರ ತೀರ್ಪು ಯೂರೋಪಿನ ವಿರುದ್ಧ ಬಂತು. ೧೯೯೮ರ ಜನವರಿಯಲ್ಲಿ ಮೇಲ್ಮನವಿ ಮಂಡಲಿ ಹೇಳಿದ್ದು ಇನ್ನೂ ಸೂಕ್ಷ್ಮವಾದದ್ದು. ಈ ಇಡೀ ವ್ಯಾಜ್ಯದಲ್ಲಿ ಓದಿ ಮನನ ಮಾಡತಕ್ಕ ಕಾಗದವೆಂದರೆ ಇದೊಂದೇ ಎಂದು ನನ್ನ ಎಣಿಕೆ. ತನ್ನ ಪ್ರಜೆಗಳಿಗೆ ಎಷ್ಟು ರಕ್ಷಣೆ ಬೇಕೆಂಬುದನ್ನು ಆಯಾ ದೇಶವೇ ಗೊತ್ತುಮಾಡಿಕೊಳ್ಳಬಹುದು, ಅಂತರರಾಷ್ಟ್ರೀಯ ಗುಣಮಟ್ಟಕ್ಕೆ ತಲೆಬಾಗಲೇಬೇಕೆಂದಿಲ್ಲ. ಅಪಾಯವನ್ನು ಅಂಕಿಗಳಲ್ಲೇ ಹೇಳಬೇಕೆಂದಿಲ್ಲ. ಬಹುಮತದ ವಿಜ್ಞಾನಿಗಳಲ್ಲದೆ ಅರ್ಹರಾದ ಅಲ್ಪಮತದವರ ಮಾತನ್ನೂ ಸರಕಾರ ಆಧಾರ ಮಾಡಿಕೊಳ್ಳಬಹುದು. ತೂಗಬೇಕಾದ ಅಪಾಯವೂ ಪ್ರಯೋಗಶಾಲೆಯೊಳಗಿನದು ಮಾತ್ರವಲ್ಲ. ಮನುಷ್ಯರು ಬಾಳಿ, ದುಡಿದು, ಸಾಯುವ ಲೋಕದಲ್ಲಿ ನಿಜವಾಗಿ ಏನಾಗಬಹುದೋ ಅದು. ಇಷ್ಟೆಲ್ಲ ಯೂರೋಪಿಗೆ ಅನುಕೂಲವೇ. ಆದರೆ, ಎಂದಿತು ಮಂಡಲಿ, ತೂಗಿ ತೋರಿಸುವುದಂತೂ ಬೇಕು. ಹಾರ್ಮೋನು ಕೆಟ್ಟದ್ದೆಂಬ ಸಾಮಾನ್ಯ ಮಾತು ಸಾಲದು, ಮಾಂಸದಲ್ಲಿ ಉಳಿದ ಹಾರ್ಮೋನಿನಿಂದ ಏನು ಕೇಡೆಂಬ ಪರೀಕ್ಷೆ ಬೇಕು. ಅದನ್ನು ಯೂರೋಪು ಮುಂದಿಟ್ಟಿರಲಿಲ್ಲ.

ಪಂಚರ ಮುಂದೆ ಹೇಳಿಕೆ ಕೊಟ್ಟ ತಜ್ಞರಲ್ಲಿ ಡಾಕ್ಟರು ಲೂಸಿಯರ್ ಒಬ್ಬರು. ಹತ್ತು ಲಕ್ಷ ಹೆಂಗಸರಲ್ಲಿ ಸುಮಾರು ೧,೧೦,೦೦೦ ಮಂದಿಗೆ ಬಾಳಿನಲ್ಲಿ ಸ್ತನದ ಕ್ಯಾನ್ಸರ್ ಬರುತ್ತದೆ, ಅದರಲ್ಲಿ ಒಬ್ಬಳದು ಹಾರ್ಮೋನು ಕೊಟ್ಟ ದನದ ಮಾಂಸದಿಂದ ಬಂದದ್ದಿರಬಹುದು ಎಂದು ಅವರ ಅಂದಾಜು. ಒಬ್ಬ ತಜ್ಞನ ಅಭಿಪ್ರಾಯ, ಅವರು ತಾವೇ ನಡೆಸಿದ ಪರೀಕ್ಷೆಯ ಫಲವಲ್ಲ ಎಂದು ಮಂಡಲಿ ಅದನ್ನು ಬದಿಗಿಟ್ಟಿತು. ಕಾನೂನಿನ ದೃಷ್ಟಿಯಿಂದ ಸರಿಯೇ. ಆದರೂ ಆ ಒಬ್ಬಳು ಯ���ರೆಂದು ಯಾವ ಪರೀಕ್ಷೆಯೂ ಎಂದಿಗೂ ಹೇಳಲಾರದು. ಬಾಸ್ಟನ್ನಿನ ರೋಗ ಅಪರೂಪದ್ದಾದ್ದರಿಂದ ಎಂಟೇ ಮಂದಿಯಲ್ಲಿ ಕಾರಣ ಎದ್ದು ಕಂಡಿತು. ಲಕ್ಷ ಮಂದಿಯ ನಡುವೆ ಒಬ್ಬಳು ಕಾಣಳು. ರುಜುವಾತು ಕೇಳುವುದು ನ್ಯಾಯವೇ. ಕೆಲವು ಕೇಡುಗಳ ಸ್ವಭಾವವೇ ರುಜುವಾತಿಗೆ ಸಿಕ್ಕದಂಥದು.

ಯೂರೋಪು ನಿಷೇಧ ಬಿಡಲಿಲ್ಲ, ದಂಡ ತೆರಲು ಒಪ್ಪಿತು. ೧೯೯೯ರ ಜುಲೈಯಲ್ಲಿ ಅಮೆರಿಕ ವರ್ಷಕ್ಕೆ ೧೧ ಕೋಟಿ ೬೮ ಲಕ್ಷ ಡಾಲರಿನ ಸರಕಿಗೆ ಮತ್ತೆ ನೂರಕ್ಕೆ ನೂರು ಸುಂಕ ಹೇರಿತು. ಈ ಸಾರಿ ಪಟ್ಟಿಯಲ್ಲಿ ರೊಕ್‌ಫೋರ್ ಎಂಬ ಫ್ರೆಂಚ್ ಗಿಣ್ಣೂ ಇತ್ತು. ಕುರಿಯ ಹಾಲಿನಿಂದ ಮಾಡಿ ಗವಿಗಳಲ್ಲಿ ಹದಗೊಳಿಸುವ, ನೀಲಿ ಬೂಷ್ಟಿನ ಗೆರೆಗಳಿರುವ ಗಿಣ್ಣು ಅದು. ದನದ ಹಾರ್ಮೋನಿಗೂ ಕುರಿ ಕಾಯುವವನಿಗೂ ಏನು ಸಂಬಂಧ? ಅದಕ್ಕೆ ಹಾಲು ಒದಗಿಸುವ ಜೋಸೆ ಬೋವೆ ಎಂಬ ರೈತನೂ ಅವನ ಸಂಗಡಿಗರೂ ಆಗಸ್ಟ್ ೧೨ರಂದು ಮಿಯೋ ಎಂಬ ಊರಿನಲ್ಲಿ ಕಟ್ಟುತ್ತಿದ್ದ ಮ್ಯಾಕ್‌ಡೊನಾಲ್ಡ್ ಉಪಾಹಾರಗೃಹವನ್ನು ಕಿತ್ತು, ಸಾಮಾನುಗಳನ್ನು ಟ್ರಾಕ್ಟರಿನಲ್ಲಿ ಹೇರಿಕೊಂಡು ಹೋದರು. ಬೋವೆಗೆ ಮೂರು ತಿಂಗಳ ಸೆರೆಮನೆ ಶಿಕ್ಷೆಯಾಯಿತು; ಫ್ರಾನ್ಸಿನಲ್ಲಿ ಅವನ ಹೆಸರು ಮನೆಮಾತಾಯಿತು.

ಆಮೇಲಿನದನ್ನು ಚುಟುಕಾಗಿ ಹೇಳಬಹುದು. ಯೂರೋಪಿನ ತಜ್ಞರು ಈಸ್ಟ್ರಡಯೋಲ್ ಕ್ಯಾನ್ಸರಿಗೆ ಕಾರಣವಾಗಬಲ್ಲದೆಂದು ವರದಿ ಕೊಟ್ಟರು. ಬ್ರಿಟನ್ನಿನ ತಜ್ಞರೇ ಅದಕ್ಕೆ ಪೂರ್ತಿ ತಲೆದೂಗಲಿಲ್ಲ. ೨೦೦೩ರಲ್ಲಿ ಅದಕ್ಕೆ ಶಾಶ್ವತ ನಿಷೇಧ, ಉಳಿದ ಐದಕ್ಕೆ ತಾತ್ಕಾಲಿಕ ನಿಷೇಧವೆಂದು ಕಟ್ಟಳೆ ಹೊಸದಾಯಿತು. ೨೦೦೮ರ ಎರಡನೆಯ ಮೇಲ್ಮನವಿಯಲ್ಲಿ ಯಾರೂ ಪೂರ್ತಿ ಗೆಲ್ಲಲಿಲ್ಲ. ಗಿಣ್ಣಿನ ಸುಂಕವನ್ನು ನೂರಕ್ಕೆ ಮುನ್ನೂರಕ್ಕೆ ಏರಿಸುವೆನೆಂದು ಅಮೆರಿಕ ೨೦೦೯ರ ಜನವರಿಯಲ್ಲಿ ಗುಡುಗಿತು; ಮೇ ತಿಂಗಳಲ್ಲಿ ರಾಜಿಯಾಯಿತು. ಹಾರ್ಮೋನು ಕೊಡದೆ ಬೆಳೆಸಿದ ಉತ್ತಮ ದರ್ಜೆಯ ಮಾಂಸ ೨೦,೦೦೦ ಟನ್ನಿನಷ್ಟನ್ನು ವರ್ಷಕ್ಕೆ ಸುಂಕವಿಲ್ಲದೆ ಬಿಟ್ಟುಕೊಳ್ಳುವುದು, ಮುಂದೆ ಅದನ್ನು ಹೆಚ್ಚಿಸುವುದು, ಪ್ರತಿಯಾಗಿ ದಂಡಸುಂಕ ಇಳಿಸುವುದು. ಆದರೆ ಆ ಪಾಲನ್ನು ಆಸ್ಟ್ರೇಲಿಯ, ಉರುಗ್ವೆ ಮೊದಲಾದ ದೇಶಗಳೂ ತುಂಬತೊಡಗಿದ್ದರಿಂದ, ೨೦೧೯ರ ಆಗಸ್ಟಿನ ಒಪ್ಪಂದದಲ್ಲಿ ೪೫,೦೦೦ ಟನ್ನಿನ ಪೈಕಿ ೩೫,೦೦೦ ಟನ್ನನ್ನು ಏಳು ವರ್ಷದೊಳಗೆ ಅಮೆರಿಕಕ್ಕೇ ಮೀಸಲಿಡುವುದೆಂದಾಯಿತು. ಟೆಕ್ಸಾಸಿನ ಕಮಿಷನರು ೧೯೮೯ರಲ್ಲಿ ಹೇಳಿದ್ದು ಇದನ್ನೇ ಅಲ್ಲವೆ?

ಇನ್ನು ಪ್ರತಿಜೈವಿಕ ಔಷಧಗಳ, ಎಂದರೆ ಆಂಟಿಬಯಾಟಿಕ್ಕುಗಳ ವಿಚಾರ. ಮಾಂಸ ಮುಟ್ಟದವರೂ ಕೇಳಬೇಕೆಂದು ಮೊದಲಲ್ಲಿ ಹೇಳಿದ್ದಕ್ಕೆ ಇನ್ನೂ ಗಟ್ಟಿಯಾದ ಕಾರಣ ಇಲ್ಲಿದೆ. ಅಮೆರಿಕದ ಲೆಡರ್ಲೆ ಪ್ರಯೋಗಶಾಲೆಯಲ್ಲಿ, ನಮ್ಮ ತೆಲುಗು ನಾಡಿನ ಯಲ್ಲಾಪ್ರಗಡ ಸುಬ್ಬರಾವ್ ಸಂಶೋಧನೆಯ ನಾಯಕರಾಗಿದ್ದ ಕಾಲದಲ್ಲಿ, ಆರಿಯೋಮೈಸಿನ್ ಎಂಬ ಔಷಧ ಹೊರಬಂತು. ಸುಬ್ಬರಾವ್ ೧೯೪೮ರಲ್ಲಿ ತೀರಿಕೊಂಡರು. ಆ ಔಷಧ ತೆಗೆದು ಉಳಿದ ಚರಟವನ್ನು ಕೋಳಿಮರಿಗಳಿಗೆ ತಿನ್ನಿಸಿದಾಗ ಅವು ಬೇಗ ಬೆಳೆದದ್ದನ್ನು ಅಲ್ಲಿಯ ಜೂಕ್ಸ್ ಮತ್ತು ಸ್ಟೋಕ್‌ಸ್ಟಾಡ್ ಗಮನಿಸಿ ೧೯೫೦ರಲ್ಲಿ ಪ್ರಕಟಿಸಿದರು. ರೋಗವಿಲ್ಲದ ಪ್ರಾಣಿಗೆ ದಿನವೂ ಚಿಟಿಕೆ ಚಿಟಿಕೆ ಔಷಧ. ಕೋಳಿ, ಹಂದಿ, ದನ, ಎಲ್ಲಕ್ಕೂ.

ಹಾರ್ಮೋನಿನ ಕೇಡು, ಇದ್ದರೆ, ತಿಂದವನಿಗೆ. ಇದರ ಕೇಡು ಹಾಗಲ್ಲ. ಚಿಟಿಕೆ ಔಷಧಕ್ಕೆ ಸಾಯದೆ ಉಳಿದ ರೋಗಾಣುಗಳು ಔಷಧವನ್ನೇ ಜೀರ್ಣಿಸಿಕೊಳ್ಳಲು ಕಲಿಯುತ್ತವೆ, ಕಲಿತದ್ದನ್ನು ಬೇರೆ ಜಾತಿಯ ರೋಗಾಣುಗಳಿಗೂ ದಾಟಿಸುತ್ತವೆ. ಸಗಣಿ, ನೀರು, ಕೆಲಸದಾಳಿನ ಕೈ, ಆಸ್ಪತ್ರೆಯ ಮಂಚ, ಹೀಗೆ ಹೊರಟರೆ ಅವು ತಟ್ಟೆಯಲ್ಲಿ ಏನಿದೆಯೆಂದು ಕೇಳುವುದಿಲ್ಲ. ೧೯೬೦ರ ದಶಕದಲ್ಲಿ ಬ್ರಿಟನ್ನಿನ ಎಳೆಗರುಗಳಲ್ಲಿ ಹಲವು ಔಷಧಗಳಿಗೆ ಬಗ್ಗದ ಸಾಲ್ಮೊನೆಲ್ಲ ಹಬ್ಬಿ ಮನುಷ್ಯರಿಗೂ ತಗಲಿತು. ಮೈಕೇಲ್ ಸ್ವಾನ್ ಅವರ ಸಮಿತಿ ೧೯೬೯ರಲ್ಲಿ, ಮನುಷ್ಯರ ಚಿಕಿತ್ಸೆಗೆ ಬೇಕಾದ ಪೆನಿಸಿಲಿನ್, ಟೆಟ್ರಾಸೈಕ್ಲಿನ್‌ಗಳನ್ನು ತೂಕಕ್ಕಾಗಿ ಮೇವಿಗೆ ಬೆರೆಸಬಾರದೆಂದಿತು. ಸ್ವೀಡನ್ ೧೯೮೬ರಲ್ಲಿ ತೂಕದ ಔಷಧಗಳನ್ನೆಲ್ಲ ನಿಲ್ಲಿಸಿತು. ಅವೊಪಾರ್ಸಿನ್ ಎಂಬ ಮೇವಿನ ಔಷಧದಿಂದ, ಅದರ ಬಂಧುವೂ ಆಸ್ಪತ್ರೆಗಳ ಕೊನೆಯ ಆಸರೆಯೂ ಆದ ವ್ಯಾಂಕೋಮೈಸಿನ್ ಕೆಡುವುದೆಂದು ೧೯೯೫ರಲ್ಲಿ ಡೆನ್ಮಾರ್ಕ್, ೧೯೯೭ರಲ್ಲಿ ಯೂರೋಪಿನ ಒಕ್ಕೂಟ ಅದನ್ನು ನಿಷೇಧಿಸಿದವು. ೨೦೦೬ರ ಜನವರಿ ೧ರಂದು, ದನಗಳ ಮೊನೆನ್ಸಿನ್ ಸಹಿತವಾಗಿ, ತೂಕದ ಔಷಧಗಳಲ್ಲಿ ಉಳಿದಿದ್ದವಕ್ಕೂ ಅಲ್ಲಿ ತೆರೆಬಿತ್ತು.

ಅಮೆರಿಕದ ಇಲಾಖೆ ಪೆನಿಸಿಲಿನ್, ಟೆಟ್ರಾಸೈಕ್ಲಿನ್‌ಗಳನ್ನು ಮೇವಿನಿಂದ ತೆಗೆಯುವ ಪ್ರಸ್ತಾಪವನ್ನು ೧೯೭೭ರಲ್ಲೇ ಹೊರಡಿಸಿ, ೨೦೧೧ರಲ್ಲಿ ಕೈಬಿಟ್ಟಿತು. ಮೂವತ್ತನಾಲ್ಕು ವರ್ಷ ಒಂದು ಕಡತ ಮೇಜಿನ ಮೇಲೆ ಮಲಗಿತ್ತೆಂದರೆ ನಮ್ಮ ಕಚೇರಿಗಳನ್ನು ಮಾತ್ರ ದೂರುವುದು ಸರಿಯಲ್ಲ. ಕಡೆಗೆ ತಯಾರಕರನ್ನು ಒಪ್ಪಿಸಿ, ೨೦೧೭ರ ಜನವರಿಯಿಂದ ಮನುಷ್ಯರ ವೈದ್ಯಕ್ಕೆ ಮುಖ್ಯವಾದ ಔಷಧಗಳನ್ನು ತೂಕಕ್ಕಾಗಿ ಬಳಸುವುದನ್ನು ನಿಲ್ಲಿಸಿದರು. ಮೊನೆನ್ಸಿನ್ ಮನುಷ್ಯರ ಔಷಧವಲ್ಲವೆಂದು ಅಲ್ಲಿ ಉಳಿಯಿತು. ನಮ್ಮ ದೇಶವೂ ೨೦೧೯ರ ಜುಲೈಯಲ್ಲಿ ಕೊಲಿಸ್ಟಿನ್ ಎಂಬ ಔಷಧವನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ ಕೊಡಕೂಡದೆಂದು ನಿಷೇಧಿಸಿತು.

ಯೂರೋಪಿನ ಹೊಸ ಪಶು ಔಷಧ ಶಾಸನ ೨೦೨೨ರ ಜನವರಿಯಿಂದ ಜಾರಿಗೆ ಬಂತು. ಅದರ ೧೧೮ನೆಯ ಕಲಮಿನಲ್ಲಿ, ತೂಕ ಹೆಚ್ಚಿಸಲು ಇಂಥ ಔಷಧ ಕೊಟ್ಟ ಪ್ರಾಣಿಯ ಮಾಂಸ ಪರದೇಶದಿಂದಲೂ ಬರಬಾರದೆಂದಿದೆ. ಅದನ್ನು ಆಚರಣೆಗೆ ತರಲು ೨೦೨೬ರ ಸೆಪ್ಟೆಂಬರ್ ೩ರ ದಿನವನ್ನು ಗೊತ್ತುಮಾಡಿದರು. ಮಾಂಸದೊಳಗೆ ಔಷಧದ ಉಳಿಕೆ ಸಿಕ್ಕಿತೇ ಇಲ್ಲವೇ ಎಂದು ಈ ಕಲಮು ಕೇಳುವುದಿಲ್ಲ. ಪ್ರಾಣಿಯನ್ನು ಹೇಗೆ ಸಾಕಿದರೆಂದು ಕೇಳುತ್ತದೆ.